ಹನ್ನೊಂದು ಇಪ್ಪತ್ತರ ಬಾಗಿಲು

ನಮ್ಮ ಮುಂಬಾಗಿಲಿಗೆ ನಂಬರಿನ ಕೀಲಿ ಕೂಡಿಸಿದ್ದು ಹೋದ ವರ್ಷ ಶ್ರಾವಣ ಮುಗಿದ ವಾರ. ಅದಕ್ಕೂ ಮೊದಲು ಇದ್ದದ್ದು ಎಳೆದರೆ ತಾನೇ ಬೀಳುವ ಲ್ಯಾಚ್. ಎರಡು ತಿಂಗಳಲ್ಲಿ ಎರಡು ಸಲ ಕೀಲಿಕೈ ಒಳಗೇ ಉಳಿದು ಬಾಗಿಲು ಬಿತ್ತು. ಎರಡು ಸಲವೂ ಬಡಿಗೇರನನ್ನು ಕರೆತಂದು ಬಿಚ್ಚಿಸಬೇಕಾಯಿತು. ಎರಡೂ ಸಲ ತಪ್ಪು ಮನೆಯವಳದೆಂದು ನನ್ನ ಡೈರಿ ಹೇಳುತ್ತದೆ. ಡೈರಿ ನನ್ನದು, ಕೈಬರಹ ನನ್ನದು. ಅದನ್ನು ಸಂಶಯಿಸುವ ಕಾರಣ ಆಗ ನನಗೆ ಕಂಡಿರಲಿಲ್ಲ.

ನಾನು ಮೂವತ್ತಾರು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು. ನಿವೃತ್ತನಾಗಿ ನವನಗರದಲ್ಲಿ ಮನೆ ಮಾಡಿ ಹದಿನಾಲ್ಕು ವರ್ಷ ಆಯಿತು. ಐದಕ್ಕೆ ಏಳುತ್ತೇನೆ. ಆರಕ್ಕೆ ಸ್ನಾನ, ಪೂಜೆ. ಎಂಟಕ್ಕೆ ನಾಷ್ಟಾ. ಹತ್ತೂವರೆಗೆ ವಾಚನಾಲಯಕ್ಕೆ ಹೊರಡುತ್ತೇನೆ, ಹನ್ನೆರಡೂಕಾಲಿಗೆ ಮನೆ ಮುಟ್ಟುತ್ತೇನೆ. ನೌಕರಿಯ ಮೊದಲ ವರ್ಷ ಟ್ರಾಲಿಯ ಗಾಲಿ ಹಾಯ್ದು ನನ್ನ ಎಡಗಾಲಿನ ಎರಡು ಬೆರಳು ಹೋದವು. ಉಳಿದ ಮೂರರ ಮೇಲೆ ನಡೆಯುತ್ತ ಬಂದಿದ್ದೇನೆ. ಸ್ವಲ್ಪ ಎಡಕ್ಕೆ ವಾಲುತ್ತೇನಂತೆ. ಆದರೆ ವಾಚನಾಲಯಕ್ಕೆ ಅಂದಿಗೂ ಇಂದಿಗೂ ಎಂಟೇ ನಿಮಿಷ.

ಮನೆಯಲ್ಲಿ ನಾವಿಬ್ಬರು. ನನ್ನ ಹೆಂಡತಿಯ ಅಕ್ಕ ಮೂರು ಕ್ರಾಸ್ ಆಚೆ ಇರುತ್ತಾರೆ. ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಾರೆ. ಇವಳು ದಿನಾ ಹತ್ತೂಕಾಲಿಗೆ ಹೋಗಿ, ಅವರಿಗೆ ಮೈ ಒರೆಸಿ, ಉಣಿಸಿ, ಹನ್ನೆರಡಕ್ಕೆ ತಿರುಗಿ ಬರುತ್ತಾಳೆ. ಬಂದವಳೇ ಮೊದಲು ಮಾಡುವ ಕೆಲಸ ಒಲೆ ಹಚ್ಚಿ ಚಹಾ ಇಡುವುದು. ಸೀರೆ ಕೂಡ ಬದಲಿಸುವುದಿಲ್ಲ. ಇದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಡಿಗೆಗೆ ಅಮ್ಮಿನಬಾವಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಎರಡು ಬಸ್ಸು ಬದಲಿಸಿ ಎಂಟೂವರೆಗೆ ಬಾಗಿಲಲ್ಲಿರುತ್ತಿದ್ದಳು. ಹತ್ತಕ್ಕೆ ರೊಟ್ಟಿ, ಪಲ್ಯ, ಸಾರು ಮುಗಿಸಿ ಹೊರಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳು ತಡವಾಗಿ ಬಂದದ್ದು ನಾಲ್ಕು ಸಲ, ನಾಲ್ಕೂ ಸಲ ಬಸ್ಸಿನ ತಪ್ಪು. ಅಂಥವಳನ್ನು ನಾನು ಮೆಚ್ಚದೆ ಇರಲಾರೆ.

ಕೀಲಿ ಕೂಡಿಸಲು ಬಂದವನು ಹುಬ್ಬಳ್ಳಿಯವನು, ನಲವತ್ತೈದರ ಮನುಷ್ಯ. ಡ್ರಿಲ್ ಹೊಡೆದು, ಹಳೆಯ ಲ್ಯಾಚಿನ ಜಾಗದಲ್ಲಿ ಅಂಗೈ ಅಗಲದ ಕರಿ ಪೆಟ್ಟಿಗೆ ಕೂಡಿಸಿದ. ಒಂದರಿಂದ ಸೊನ್ನೆಯ ತನಕ ಹತ್ತು ಅಂಕಿ, ಮೇಲೆ ಒಂದು ಸಣ್ಣ ದೀಪ. ಸರಿ ನಂಬರ್ ಒತ್ತಿದರೆ ಹಸಿರು, ತಪ್ಪಿದರೆ ಕೆಂಪು. ಒಳಗಿನಿಂದ ಹಿಡಿಕೆ ತಿರುವಿದರೆ ಸಾಕು, ಹೊರಗಿನಿಂದ ಮಾತ್ರ ನಂಬರ್ ಬೇಕು.

"ಕಾಕಾರ, ಹತ್ತು ಮಂದೀಗೆ ಹತ್ತು ನಂಬರ್ ಕೊಡಬಹುದ್ರಿ," ಅಂದ.

"ಮನ್ಯಾಗ ಇರೋರು ಇಬ್ಬರು. ಅಡಗಿಯಾಕಿ ಒಬ್ಬಾಕಿ. ಮೂರು ಸಾಕು."

"ಮೂವರದ್ದೂ ಒಂದ ನಂಬರ್ ಇಟ್ಟುಬಿಡ್ರಿ ಮತ್ತ. ನೆನಪಿಡಾಕ ಸಸಾರ ಆಕ್ಕೇತಿ."

"ಸಸಾರ ಆಗೂದು ಬ್ಯಾಡ. ಯಾರು ಯಾವಾಗ ಬಂದ್ರು ಅನ್ನೂದು ಗೊತ್ತಾಗಬೇಕು."

"ಅದಕ್ಕೂ ವ್ಯವಸ್ಥಾ ಐತ್ರಿ," ಎಂದು ಅವನು ನನ್ನ ಫೋನಿನಲ್ಲಿ ಏನೋ ಇಳಿಸಿ ತೋರಿಸಿದ. ಹೊರಗಿನಿಂದ ಬಾಗಿಲು ತೆರೆದ ಪ್ರತಿ ಸಲವೂ, ತಪ್ಪು ನಂಬರ್ ಒತ್ತಿದಾಗಲೂ, ಅಲ್ಲಿ ಒಂದು ಸಾಲು ಮೂಡುತ್ತದೆ: ಹೊತ್ತು, ನಿಮಿಷ, ಯಾರ ನಂಬರ್. ಅದನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು. ಟ್ರೇನ್ ರಿಜಿಸ್ಟರ್ ತೆರೆದು ಕೂತ ಹಾಗೆ ಇತ್ತು.

ಒಂದನೆಯ ನಂಬರ್ ನನ್ನದು, ಎರಡನೆಯದು ಮನೆಯವಳದು, ಮೂರನೆಯದು ಅಡಿಗೆಯವಳದು. ಪ್ರತಿಯೊಬ್ಬರಿಗೂ ನಾಲ್ಕಂಕಿಯ ಗುಟ್ಟು ಬೇರೆ ಬೇರೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಬಾರದು. ಬಾಗಿಲ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ಹೇಳಿದೆ, ತಿರುಗಿ ಹೇಳಿಸಿದೆ.

"ಇನ್ನ ಮ್ಯಾಲೆ ನಮ್ಮ ಮನಿಗೆ ಬರಾಕ ನಮಗ ಸಿಗ್ನಲ್ ಬೇಕೇನ್ರಿ?" ಅಂದಳು ಮನೆಯವಳು.

ಅಡಿಗೆಯವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತ ನಾಲ್ಕಂಕಿ ಒಪ್ಪಿಸಿದಳು. "ಬರೋಬ್ಬರಿ ಆತೇನ್ರಿ ಸಾಹೇಬ್ರ? ನಮ್ಮನಿ ಬಾಗಲಕ್ಕ ಚಿಲಕಾನೂ ಇಲ್ರಿ, ನಾಯಿ ಅಡ್ಡ ಮಲಗ್ತೈತಿ. ಅದಕ್ಕ ಯಾ ನಂಬರೂ ಬ್ಯಾಡ."

ನಂಬರಿನ ಮೇಲೆ ನನಗೆ ಅಷ್ಟು ವಿಶ್ವಾಸ ಯಾಕೆ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ಕಾಲದಲ್ಲಿ ಸ್ಟೇಷನ್ ಮಾಸ್ತರನಿಗೆ, ಲೈನ್ ದಾಟುವ ರಸ್ತೆಯ ಗೇಟಿನವನಿಗೆ ಪ್ರೈವೇಟ್ ನಂಬರ್ ಎಂದು ಒಂದು ಹಾಳೆ ಇರುತ್ತಿತ್ತು. ಹಾಳೆ ತುಂಬ ಎರಡಂಕಿಯ ನಂಬರುಗಳು, ಯಾವ ಕ್ರಮವೂ ಇಲ್ಲದವು. ಗಾಡಿ ಬಿಡುವ ಮೊದಲು ನಾನು ಗೇಟಿನವನಿಗೆ ಫೋನು ಮಾಡುತ್ತಿದ್ದೆ. ಅವನು ಗೇಟು ಹಾಕಿ, ಕೀಲಿ ಹಾಕಿ, "ಹಾಕೇನಿ" ಎಂದರೆ ಸಾಲದು. ತನ್ನ ಹಾಳೆಯ ಮುಂದಿನ ನಂಬರನ್ನು ಓದಿ ಹೇಳಬೇಕು. ನಾನು ಬರೆದುಕೊಳ್ಳಬೇಕು, ಅವನು ತನ್ನ ಹಾಳೆಯಲ್ಲಿ ಅದನ್ನು ಹೊಡೆದುಹಾಕಬೇಕು. ಬರಿಯ ಬಾಯಿಮಾತು ಅಭ್ಯಾಸದಿಂದ ಹೊರಟುಬಿಡುತ್ತದೆ. ನಂಬರ್ ಕೊಡಲು ಮನುಷ್ಯ ಒಂದು ಗಳಿಗೆ ನಿಂತು ಕಣ್ಣಿಟ್ಟು ನೋಡಬೇಕಾಗುತ್ತದೆ.

ಒಂದು ಸಲ ಮಾತ್ರ ಅದು ತಪ್ಪಿತು. ಬಹಳ ವರ್ಷದ ಒಬ್ಬ ಗೇಟಿನವನು ನಂಬರ್ ಕೊಟ್ಟ, ನಾನು ಗಾಡಿ ಬಿಟ್ಟೆ, ಗೇಟು ತೆರೆದೇ ಇತ್ತು. ಡ್ರೈವರ್ ದೂರದಿಂದಲೇ ಕಂಡು ಬ್ರೇಕ್ ಹಾಕಿದ. ಯಾರಿಗೂ ಏನೂ ಆಗಲಿಲ್ಲ. ಆ ಮನುಷ್ಯ ನನ್ನ ಮೇಜಿನ ಮುಂದೆ ನಿಂತು ಒಂದೇ ಮಾತು ಹೇಳಿದ: "ಹಾಕೇನ್ರಿ ಸಾಹೇಬ್ರ. ನನ್ನ ಕೈಯಾರೆ ಹಾಕೇನಿ. ಹ್ಯಾಂಡಲ್ ತಣ್ಣಗಿದ್ದದ್ದು ಈಗೂ ನನ್ನ ಅಂಗೈಯಾಗ ಐತ್ರಿ." ನಾನು ವರದಿಯಲ್ಲಿ "ಸುಳ್ಳು ಹೇಳಿದ್ದಾನೆ" ಎಂದು ಬರೆದೆ. ಅವನನ್ನು ಗೇಟಿನಿಂದ ತೆಗೆದರು. ಆ ವರದಿಯ ಬಗ್ಗೆ ಮೂವತ್ತು ವರ್ಷ ನಾನು ಯೋಚಿಸಿದ್ದೇ ಇಲ್ಲ.

ದಿನಾ ಸಂಜೆ ಏಳಕ್ಕೆ ಫೋನಿನ ಸಾಲುಗಳನ್ನು ಒಂದು ಉದ್ದನೆಯ ವಹಿಯಲ್ಲಿ ಇಳಿಸಿಕೊಳ್ಳತೊಡಗಿದೆ. ಫೋನು ಕೆಟ್ಟರೂ ವಹಿ ಉಳಿಯುತ್ತದೆ. ಮೊದಲ ಮೂರು ವಾರ ಎಲ್ಲ ನೇರ ಇತ್ತು. ಎಂಟೂವರೆಗೆ ಮೂರನೆಯ ನಂಬರ್, ಹನ್ನೆರಡಕ್ಕೆ ಎರಡನೆಯದು, ಹನ್ನೆರಡೂಕಾಲಿಗೆ ಒಂದನೆಯದು. ನಾಲ್ಕನೆಯ ವಾರ ಮಂಗಳವಾರ ಒಂದು ಸಾಲು ಹೆಚ್ಚಿಗೆ ಬಂತು.

ಹನ್ನೊಂದು ಇಪ್ಪತ್ತು. ಒಂದನೆಯ ನಂಬರ್.

ಹನ್ನೊಂದು ಇಪ್ಪತ್ತಕ್ಕೆ ಮನೆ ಖಾಲಿ. ನಾನು ವಾಚನಾಲಯದಲ್ಲಿದ್ದೆ. ಕಿಟಕಿಯ ಪಕ್ಕದ ನನ್ನ ಕುರ್ಚಿ, ಸದ್ದು ಮಾಡುವ ಫ್ಯಾನು, ಅಂಗೈಗೆ ಹತ್ತಿದ ಪೇಪರಿನ ಮಸಿ, ಎಲ್ಲ ನೆನಪಿತ್ತು. ಯಂತ್ರ ಹೊಸದು, ಎಲ್ಲೋ ತಪ್ಪಿರಬೇಕು ಅಂದುಕೊಂಡೆ. ಸಾಲನ್ನು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಗುರುವಾರ ಮತ್ತೆ ಬಂತು. ಹನ್ನೊಂದು ಹದಿನೆಂಟು. ಮರುವಾರ ಸೋಮವಾರ, ಹನ್ನೊಂದು ಇಪ್ಪತ್ತೆರಡು. ಮನೆಯಲ್ಲಿ ಏನೂ ಹೋಗಿರಲಿಲ್ಲ, ಏನೂ ಕದಲಿರಲಿಲ್ಲ. ಮಳೆಗಾಲದ ಕೊನೆ, ಅಂಗಳವೆಲ್ಲ ಕರಿಮಣ್ಣಿನ ರಾಡಿ. ಆದರೆ ಪಡಸಾಲೆಯಲ್ಲಿ ಒಂದು ಕಲೆ ಇಲ್ಲ. ಬಂದವನು ಚಪ್ಪಲಿ ಕಳೆದಿಟ್ಟು ಒಳಗೆ ಬಂದಿದ್ದ. ಅದೇ ನನ್ನನ್ನು ಹೆಚ್ಚು ಕಾಡಿತು. ಕಳ್ಳ ಚಪ್ಪಲಿ ಕಳೆಯುವುದಿಲ್ಲ.

ಮನೆಯವಳಿಗೆ ಹೇಳಲಿಲ್ಲ. ಅಕ್ಕನ ಆರೈಕೆಯಲ್ಲಿ ಬಳಲಿದ್ದಳು. ಹೆದರಿಸುವುದು ಬೇಡ ಎಂದುಕೊಂಡೆ.

ಆ ಬುಧವಾರ ಹನ್ನೆರಡೂಕಾಲಿಗೆ ನಾನು ಬಂದಾಗ ಬಾಗಿಲು ಪೂರ್ತಿ ತೆರೆದಿತ್ತು. ಕಿಟಕಿಗಳೂ ತೆರೆದಿದ್ದವು. ಅವಳು ಅಂಗಳದ ತುಳಸಿಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಲೈಟರ್ ಹಾಗೇ ಇತ್ತು.

"ಒಳಗ ಹೋಗಬ್ಯಾಡ್ರಿ," ಅಂದಳು. "ಗ್ಯಾಸ್ ತುಂಬೇತಿ."

"ಯಾರು ಬಿಟ್ಟಿದ್ರು?"

"ಗೊತ್ತಿಲ್ಲ. ಚಾ ಇಡೂಣ ಅಂತ ಹೋದೆ. ಲೈಟರ್ ಹಿಡಿದೆ. ಸೀನು ಬಂತು. ಸೀನು ಬಂದದ್ದಕ್ಕ ಉಳದೆ ನೋಡ್ರಿ. ಸೀನೀದ ಮ್ಯಾಲೆ ಮೂಗು ಬಿಚ್ಚಿ ವಾಸನಿ ಬಂತು."

ಅವಳ ಬೆರಳಿನಿಂದ ಲೈಟರ್ ಬಿಡಿಸಿಕೊಳ್ಳಲು ನಾನು ಸ್ವಲ್ಪ ಬಲ ಹಾಕಬೇಕಾಯಿತು. ಆಮೇಲೆ ಒಳಗೆ ಹೋಗಿ ನೋಡಿದೆ. ಎಡಗಡೆಯ ಬರ್ನರಿನ ಗುಂಡಿ ಪೂರ್ತಿ ತಿರುವಿತ್ತು. ಸಂಜೆ ಏಳರ ತನಕ ಕಾಯಲಿಲ್ಲ, ನಿಂತಲ್ಲೇ ಫೋನು ತೆಗೆದೆ. ಹನ್ನೊಂದು ಇಪ್ಪತ್ತು. ಒಂದನೆಯ ನಂಬರ್.

ನನ್ನ ಗುಟ್ಟು ಯಾರೋ ಕದ್ದಿದ್ದಾರೆ ಎಂಬುದು ನನಗೆ ಖಚಿತವಾಯಿತು. ನಾನು ಒತ್ತುವಾಗ ಬೆನ್ನ ಹಿಂದೆ ನಿಲ್ಲುವ ಅವಕಾಶ ಇದ್ದದ್ದು ಒಬ್ಬಳಿಗೇ. ಮರುದಿನ ಎಂಟೂವರೆಗೆ ಅವಳು ಬಂದಾಗ ವಹಿಯನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟೆ.

"ಹತ್ತಕ್ಕ ಹೋದಾಕಿ ಮತ್ತ ಯಾಕ ಬರ್ತೀಯವಾ?"

"ಎಲ್ಲಿಗ್ರಿ?"

"ಇಲ್ಲಿಗೆ. ಹನ್ನೊಂದು ಇಪ್ಪತ್ತಕ್ಕ. ನನ್ನ ನಂಬರ್ ಒತ್ತಿ."

ಅವಳು ವಹಿಯನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಹಿಂದೆ ನಿಂತಿದ್ದ ಮನೆಯವಳನ್ನು ನೋಡಿದಳು. "ಅಕ್ಕಾರ, ನಾ ಹೇಳ್ಲ್ಯಾ?" ಅಂದಳು.

"ಆ ಹೊತ್ತಿಗೆ ಬರೋರು ನೀವ ಅಲ್ಲೇನ್ರಿ ಸಾಹೇಬ್ರ. ಹೋದ ಸೋಮವಾರ ನನಗ ಬಸ್ ತಪ್ಪಿತ್ರಿ. ಸ್ಟಾಪಿನ್ಯಾಗ ಕುಂತಿದ್ದೆ. ನೀವು ಮನಿ ಕಡೆ ಹೊಂಟಿದ್ರಿ. ಸಾಹೇಬ್ರ ಅಂತ ಎರಡು ಸಲ ಕರದೆ. ಹೊಳ್ಳಿ ನೋಡ್ಲಿಲ್ಲ ನೀವು."

"ನಾನಲ್ಲ."

"ನಿಮ್ಮ ನಡಿಗಿ ನನಗ ಗುರ್ತಿಲ್ಲೇನ್ರಿ? ಒಂಬತ್ತು ವರ್ಷ ಆತು."

"ನಾ ವಾಚನಾಲಯದಾಗ ಇದ್ದೆ. ಪೇಪರ್ ನನ್ನ ಕೈಯಾಗ ಇತ್ತು. ನೀ ಸುಳ್ಳು ಹೇಳಾಕತ್ತೀದಿ."

ಈ ಮಾತು ನನ್ನ ಬಾಯಿಂದ ಬಂದಾಗ ಎಲ್ಲೋ ಕೇಳಿದ ಹಾಗೆ ಅನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಅವಳು ಒಲೆಯ ಮೇಲಿದ್ದ ಹಂಚನ್ನು ಇಳಿಸಿ, ಗುಂಡಿ ಬಂದ್ ಮಾಡಿ, ಬಂದ್ ಮಾಡಿದ್ದನ್ನು ನನಗೆ ಬೆರಳು ಮಾಡಿ ತೋರಿಸಿದಳು. "ನೋಡಿಕೊಳ್ರಿ. ಬಂದ್ ಐತಿ," ಎಂದು ಚೀಲ ತಗೊಂಡು ಹೊರಟಳು. ಅವಳು ಗೇಟು ದಾಟುವ ಮೊದಲೇ ನಾನು ಮೂರನೆಯ ನಂಬರ್ ಅಳಿಸಿದೆ.

ಅಂದೇ ನನ್ನ ಗುಟ್ಟನ್ನೂ ಬದಲಿಸಿದೆ. ನಾಲ್ಕಂಕಿಯ ಹೊಸ ಸಂಖ್ಯೆಯನ್ನು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ. ಒತ್ತುವಾಗ ಎಡಗೈಯನ್ನು ಅಡ್ಡ ಹಿಡಿದೆ. ಮನೆಯವಳು ಮೂರು ದಿನ ನನ್ನೊಡನೆ ಬೇಕಾದ ಮಾತಷ್ಟೇ ಆಡಿದಳು. ರೊಟ್ಟಿ ಅವಳೇ ಬಡಿಯುತ್ತಿದ್ದಳು. ತಟ್ಟೆ ಇಡುವಾಗ ಒಂದು ಸಲ ಮಾತ್ರ ಕೇಳಿದಳು:

"ಒಂಬತ್ತು ವರ್ಷದಾಕೀ ಮಾತಿಗಿಂತ ಆ ಪೆಟ್ಟಿಗಿ ಮಾತು ಹೆಚ್ಚಾತೇನ್ರಿ?"

"ಪೆಟ್ಟಿಗಿಗೆ ಸುಳ್ಳು ಹೇಳೋ ಕಾರಣ ಇಲ್ಲ."

"ಹಂಗಾದ್ರ ಅದು ಹೇಳೂದನ್ನ ಬರೋಬ್ಬರಿ ಕೇಳ್ರಿ," ಅಂದಳು.

ಶನಿವಾರ ಸಂಜೆ ಏಳಕ್ಕೆ ವಹಿ ತೆರೆದೆ. ಹನ್ನೊಂದು ಇಪ್ಪತ್ತು. ಒಂದನೆಯ ನಂಬರ್.

ನನ್ನ ತಲೆಯೊಂದನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಸಂಖ್ಯೆಯನ್ನು ಒತ್ತಿ ಯಾರೋ ನನ್ನ ಮನೆಯೊಳಗೆ ಬಂದಿದ್ದರು. ಸೋಮವಾರ ಹುಬ್ಬಳ್ಳಿಯವನನ್ನು ಕರೆಸಿದೆ. ಅವನು ಪೆಟ್ಟಿಗೆಯನ್ನು ಬಿಚ್ಚಿ, ನೋಡಿ, ಮತ್ತೆ ಮುಚ್ಚಿದ.

"ಯಂತ್ರಾ ಬರೋಬ್ಬರಿ ಐತ್ರಿ ಕಾಕಾರ. ಯಾರೋ ನಿಮ್ಮ ನಂಬರ್ ಒತ್ಯಾರ."

"ಯಾರಿಗೂ ಗೊತ್ತಿಲ್ಲ ಅದು. ಆವಾಗ ನಾ ಮನ್ಯಾಗ ಇರೂದಿಲ್ಲ."

"ಖರೇನ?"

"ಖರೇನ ಅಂದ್ರ? ಪೇಪರಿನ ಮಸಿ ಈಗೂ ನನ್ನ ಅಂಗೈಯಾಗ ಐತಿ."

ಹೇಳಿ ಮುಗಿಸುವ ಹೊತ್ತಿಗೆ ಆ ಮಾತು ಯಾರದೆಂದು ನನಗೆ ನೆನಪಾಯಿತು. ಮೇಜಿನ ಮುಂದೆ ನಿಂತ ಗೇಟಿನವನು, ಅವನ ಖಾಕಿ ಅಂಗಿ, ಅವನು ತೆರೆದು ಹಿಡಿದಿದ್ದ ಅಂಗೈ. ಹುಬ್ಬಳ್ಳಿಯವನು ನನ್ನ ಕೈಯನ್ನು ನೋಡುತ್ತಿದ್ದ. ನಾನೂ ಹಾಗೇ ಅಂಗೈ ತೆರೆದು ಹಿಡಿದಿದ್ದೆ. ಅದರಲ್ಲಿ ಮಸಿ ಇರಲಿಲ್ಲ.

"ಬಾಗಲದ ಮ್ಯಾಲೆ ಕ್ಯಾಮರಾ ಕೂಡಸ್ಲ್ಯಾ ಕಾಕಾರ?" ಅಂದ ಅವನು ಮೆತ್ತಗೆ.

ಬೇಡ ಅಂದೆ. ಇನ್ನೊಂದು ಯಂತ್ರ ಬೇಕಿರಲಿಲ್ಲ.

ಮಂಗಳವಾರ ಮನೆಯವಳು ಅಕ್ಕನ ಮನೆಗೆ ಹೊರಟಾಗ, "ಇವತ್ತು ಒಂದು ಗಂಟೆಗೆ ಬಾ. ಅದಕ್ಕ ಮೊದಲು ಬರಬ್ಯಾಡ," ಅಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಹೊರಡುವ ಮೊದಲು ಅಡಿಗೆಮನೆಗೆ ಹೋಗಿ ಒಂದು ನಿಮಿಷ ಇದ್ದು ಬಂದಳು. ಅವಳು ಹೋದ ಮೇಲೆ ನಾನು ರಂಗೋಲಿ ಹಿಟ್ಟಿನ ಡಬ್ಬಿ ತೆಗೆದೆ. ಚಹಾ ಸೋಸುವ ಜರಡಿಯಲ್ಲಿ ಹಾಕಿ, ಅಡಿಗೆಮನೆಯ ಒಲೆಯಿಂದ ಶುರು ಮಾಡಿ, ಪಡಸಾಲೆಯಲ್ಲಿ ಹಿಂದೆ ಹಿಂದೆ ಸರಿಯುತ್ತ, ಮುಂಬಾಗಿಲ ತನಕ ತೆಳ್ಳಗೆ ಉದುರಿಸಿದೆ. ಫರಸಿಕಲ್ಲಿನ ಬೂದು ಬಣ್ಣದ ಮೇಲೆ ಅದು ಇಬ್ಬನಿ ಕೂತ ಹಾಗೆ ಕಾಣುತ್ತಿತ್ತು. ಬಾಗಿಲು ಎಳೆದುಕೊಂಡೆ. ಕೀಲಿ ಬಿದ್ದು ಕೆಂಪು ದೀಪ ಒಂದು ಸಲ ಮಿಣುಕಿ ಆರಿತು. ಗಡಿಯಾರ ನೋಡಿದೆ: ಹತ್ತು ಮೂವತ್ತು.

ವಾಚನಾಲಯದಲ್ಲಿ ಓದಿದೆ. ಏನು ಓದಿದೆ ಎಂದು ಈಗಲೂ ಹೇಳಬಲ್ಲೆ: ಹತ್ತಿಯ ಧಾರಣೆ, ನೀರು ಬಿಡುವ ದಿನ, ಒಂದು ನಿಧನವಾರ್ತೆ. ಹನ್ನೆರಡೂಕಾಲಿಗೆ ಬಾಗಿಲಲ್ಲಿದ್ದೆ. ನಂಬರ್ ಒತ್ತಿ, ಹಸಿರು ದೀಪ ಬಂದ ಮೇಲೆ, ಚಪ್ಪಲಿ ಕಳೆಯದೆ ಹೊಸ್ತಿಲ ಹೊರಗೇ ನಿಂತು ಬಾಗಿಲು ನೂಕಿದೆ.

ಹೆಜ್ಜೆಗಳಿದ್ದವು. ಬರಿಗಾಲಿನವು. ಬಾಗಿಲಿಂದ ಅಡಿಗೆಮನೆಗೆ ನೇರ ಹೋಗಿ, ನೇರ ತಿರುಗಿ ಬಂದಿದ್ದವು. ಎಲ್ಲೂ ತಡವರಿಸಿರಲಿಲ್ಲ, ಎಲ್ಲೂ ನಿಂತಿರಲಿಲ್ಲ. ಬಲಗಾಲಿನ ಪ್ರತಿ ಗುರುತಿಗೂ ಐದು ಬೆರಳು. ಎಡಗಾಲಿನದಕ್ಕೆ ಮೂರು.

ಹತ್ತೂವರೆಗೆ ನನ್ನ ಕೈಯಾರೆ ಉದುರಿಸಿದ ಹಿಟ್ಟಿನ ಮೇಲೆ ಹನ್ನೊಂದು ಇಪ್ಪತ್ತಕ್ಕೆ ನಾನೇ ನಡೆದುಹೋಗಿದ್ದೆ. ಕಾಲ ಕೆಳಗೆ ಬಿಳಿ ಇದೆ ಎಂಬುದನ್ನು ಆ ಮನುಷ್ಯ ಕಂಡಿರಲಿಲ್ಲ. ಎಡಗಾಲಿನ ಚಪ್ಪಲಿ ಕಳೆದು ನೋಡಿದೆ. ಮೂರು ಬೆರಳುಗಳ ಸಂದಿಯಲ್ಲಿ ಹಿಟ್ಟು ಕೂತಿತ್ತು.

ಹೆಜ್ಜೆಯ ಪಕ್ಕದಲ್ಲೇ ಹೆಜ್ಜೆ ಇಡುತ್ತ ಅಡಿಗೆಮನೆಗೆ ಹೋದೆ. ಎಡಗಡೆಯ ಬರ್ನರಿನ ಗುಂಡಿ ಪೂರ್ತಿ ತಿರುವಿತ್ತು. ಆದರೆ ವಾಸನೆ ಇರಲಿಲ್ಲ. ಬಗ್ಗಿ ನೋಡಿದೆ. ಕೆಳಗೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿತ್ತು. ಹೊರಡುವ ಮೊದಲು ಅವಳು ಒಂದು ನಿಮಿಷ ಅಲ್ಲಿ ಇದ್ದದ್ದು ಅದಕ್ಕೆ.

ಒಂದು ಗಂಟೆಗೆ ಅವಳು ಬಂದಾಗ ನಾನು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದೆ. ಹಿಟ್ಟನ್ನು ಗುಡಿಸಿರಲಿಲ್ಲ. ಅವಳು ನೆಲ ನೋಡಿದಳು, ನನ್ನ ಕಾಲು ನೋಡಿದಳು.

"ಯಾವಾಗಿಂದ ಗೊತ್ತೈತಿ ನಿನಗ?"

"ಗ್ಯಾಸ್ ತುಂಬಿದ ದಿವಸದಿಂದ. ಅದಕ್ಕೂ ಮೊದಲ ಸಂಶೆ ಇತ್ತು. ಕೀಲಿಕೈ ಒಳಗ ಉಳದಾಗ."

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ಒಪ್ಪತಿದ್ರ್ಯಾ? ಆಕಿ ಹೇಳಿದ್ಳು. ಆಕೀಗೆ ಏನ್ಮಾಡಿದ್ರಿ?"

ನಾನು ಯಾಕೆ ಮನೆಗೆ ಬರುತ್ತೇನೆ ಎಂಬುದನ್ನು ಅವಳೇ ಹೇಳಿದಳು. ಗ್ಯಾಸ್ ಬಂದ್ ಇದೆಯೋ ಇಲ್ಲವೋ ಎಂದು ನೋಡಲು. ನೌಕರಿಯಲ್ಲಿದ್ದಾಗಲೂ ಡ್ಯೂಟಿಗೆ ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದು ಒಲೆ ಮುಟ್ಟಿ ನೋಡಿ ಹೋಗುತ್ತಿದ್ದೆನಂತೆ. ನೋಡುವುದೆಂದರೆ ನನಗೆ ಕಣ್ಣಿನಿಂದಲ್ಲ, ಕೈಯಿಂದ. ಸಿಗ್ನಲ್ಲಿನ ಲಿವರ್ ಎಳೆದು ನೋಡಿದ ಹಾಗೆ ಗುಂಡಿ ತಿರುವಿ ನೋಡಬೇಕು. ತೆರೆದು, ಮುಚ್ಚಿ, ಸರಿ ಇದೆ ಎಂದು ಹೊರಡಬೇಕು. ಈಗ ತೆರೆಯುವುದಷ್ಟೇ ಉಳಿದಿದೆ, ಮುಚ್ಚುವುದು ಎಲ್ಲೋ ಬಿದ್ದುಹೋಗಿದೆ. ಅವಳನ್ನು ಕಾಯಲು ನಲವತ್ತು ವರ್ಷ ನಾನು ಮಾಡಿದ ಕೆಲಸವೇ ಆ ಬುಧವಾರ ಅವಳನ್ನು ಸುಟ್ಟುಬಿಡಲಿತ್ತು. ಒಂದು ಸೀನು ಉಳಿಸಿತು.

ಡ್ಯೂಟಿಗೆ ಯೋಗ್ಯನಲ್ಲದವನು ಲೈನಿನ ಮೇಲೆ ಇರಬಾರದು. ಈ ನಿಯಮವನ್ನು ನಾನು ಬೇರೆಯವರ ಮೇಲೆ ಹಾಕಿದ್ದೇನೆ. ಅಂದೇ ಮಧ್ಯಾಹ್ನ ಫೋನು ಅವಳ ಕೈಗೆ ಕೊಟ್ಟು, "ಒಂದನೇ ನಂಬರ್ ಅಳಸು," ಅಂದೆ.

"ಬ್ಯಾಡ್ರಿ. ನಿಮ್ಮ ಮನಿ ಇದು."

"ಅದಕ್ಕ ಅಳಸು ಅನ್ನಾಕತ್ತೇನಿ."

ಎಲ್ಲಿ ಒತ್ತಬೇಕೆಂದು ನಾನೇ ತೋರಿಸಿದೆ. ಅವಳು ಕಣ್ಣು ಒರೆಸಿಕೊಂಡು ಒತ್ತಿದಳು. ವಹಿಯಲ್ಲಿ ತಾರೀಖು ಹಾಕಿ, ಚಾರ್ಜ್ ಕೊಟ್ಟೆ ಎಂದು ನಾನು ಸಹಿ ಮಾಡಿದೆ, ತಗೊಂಡೆ ಎಂದು ಅವಳಿಂದ ಮಾಡಿಸಿದೆ.

ಮರುದಿನ ಇಬ್ಬರೂ ಅಮ್ಮಿನಬಾವಿಗೆ ಹೋದೆವು. ಅಡಿಗೆಯವಳು ಕಟ್ಟೆಯ ಮೇಲೆ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಅವಳು ಹೇಳಿದ್ದ ನಾಯಿ ಬಾಗಿಲಿಗೆ ಅಡ್ಡ ಮಲಗಿತ್ತು. ನಾನು ನಿಂತುಕೊಂಡೇ ಹೇಳಿದೆ: "ತಪ್ಪು ನಂದು. ನೀ ಖರೇ ಹೇಳಿದ್ದಿ."

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಕಳ್ಳಿ ಅಂದಿದ್ರ ಜಗಳಾ ಮಾಡಿ ಮರತುಬಿಡ್ತಿದ್ದೆ ಸಾಹೇಬ್ರ. ನೀವು ಸುಳ್ಳಿ ಅಂದ್ರಿ. ನಿಮ್ಮ ಚಿಂತಿ ಮಾಡಿ ಹೇಳಿದ ಮಾತಿಗೆ ಸುಳ್ಳು ಅಂದ್ರಿ."

"ಹೌದು."

"ಬರ್ತೇನ್ರಿ, ಅಕ್ಕಾರ ಸಲುವಾಗಿ. ಆದ್ರ ಆ ಪೆಟ್ಟಿಗ್ಯಾಗ ನನ್ನ ನಂಬರ್ ಹಾಕಬ್ಯಾಡ್ರಿ. ಬಾಗಲಾ ಬಡೀತೇನಿ. ತೆಗದ್ರ ಒಳಗ, ಇಲ್ಲಂದ್ರ ಹಂಗ ಬಸ್ಸಿಗೆ." ಆಮೇಲೆ ಮೊದಲ ಸಲ ನನ್ನ ಕಡೆ ನೋಡಿದಳು. "ನಿಂತೀರಲ್ರಿ, ಕುಂದರ್ರಿ. ನಾಯಿ ಏನೂ ಮಾಡಂಗಿಲ್ಲ. ಅದಕ್ಕ ನಿಮ್ಮ ಗುರ್ತ ಇಲ್ಲ, ಅಷ್ಟ."

ಡಾಕ್ಟರಲ್ಲಿಗೂ ಹೋಗಿ ಬಂದೆವು. ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ನಾನು ಚೆನ್ನಾಗಿ ಬರೆದೆ. ಅಂಕಿಗಳು ಸರಿಯಾದ ಅಂತರದಲ್ಲಿದ್ದವು. ಮುಳ್ಳುಗಳನ್ನು ನಿಮಗೆ ಬೇಕಾದ ಹೊತ್ತಿಗೆ ಇಡಿ ಅಂದರು. ಇಟ್ಟ ಮೇಲೆ ಮನೆಯವಳು ಹಾಳೆ ನೋಡಿ ಮುಖ ತಿರುಗಿಸಿದಳು. ಗುಳಿಗೆ ಬರೆದುಕೊಟ್ಟಿದ್ದಾರೆ, ಹೊತ್ತಿಗೆ ಸರಿಯಾಗಿ ತಗೊಳ್ಳುತ್ತೇನೆ.

ಗೇಟಿನವನು ತೀರಿಕೊಂಡು ಎಷ್ಟೋ ವರ್ಷವಾಗಿರಬೇಕು. ಅವನು ಸುಳ್ಳು ಹೇಳಿರಲಿಲ್ಲ. ಅವನ ಅಂಗೈಯಲ್ಲಿ ಹ್ಯಾಂಡಲಿನ ತಂಪು ಖರೇ ಇತ್ತು, ಹಿಂದಿನ ದಿನದ್ದೋ, ಹಿಂದಿನ ವರ್ಷದ್ದೋ. ಆ ವರದಿಯ ಒಂದು ಸಾಲನ್ನು ತಿದ್ದುವ ದಾರಿ ನನಗೆ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಈಗ ಬಾಗಿಲು ತೆರೆಯುವ ನಂಬರ್ ಒಂದೇ, ಅವಳದು. ನಾನು ಹತ್ತೂವರೆಗೆ ಹೊರಡುತ್ತೇನೆ, ಹನ್ನೆರಡೂಕಾಲಿಗೆ ಬಂದು ಬಾಗಿಲು ಬಡಿಯುತ್ತೇನೆ, ಅವಳು ತೆಗೆಯುತ್ತಾಳೆ. ಸಂಜೆ ಏಳಕ್ಕೆ ಅವಳು ಫೋನು ನೋಡಿ ಓದುತ್ತಾಳೆ, ನಾನು ವಹಿಯಲ್ಲಿ ಬರೆಯುತ್ತೇನೆ. ದಿನಕ್ಕೆ ಒಂದೋ ಎರಡೋ ಸಾಲು. ತಿಂಗಳುಗಟ್ಟಲೆ ಹಾಗೇ ನಡೆಯಿತು. ಹೋದ ವಾರ ಅವಳು ಓದುತ್ತ ಓದುತ್ತ ನಿಂತಳು.

"ಮುಂದ?"

"ಇಷ್ಟ."

"ಓದು. ಬಿಡಬ್ಯಾಡ."

ಅವಳು ಕನ್ನಡಕ ಸರಿ ಮಾಡಿಕೊಂಡಳು. "ಹನ್ನೊಂದು ಇಪ್ಪತ್ತು. ತಪ್ಪು ನಂಬರ್."

"ಎಷ್ಟು ಸಲ?"

"ಐದು ಸಲ. ಐದಾದ ಮ್ಯಾಲೆ ಪೆಟ್ಟಿಗಿ ತಾನ ಬಂದ್ ಆಗೇತಿ. ಹತ್ತು ನಿಮಿಷ ಬಿಟ್ಟು ಮತ್ತ ಐದು ಸಲ."

ಅಂದರೆ ಹತ್ತು ನಿಮಿಷ ಆ ಮನುಷ್ಯ ಹೋಗಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ, ಚಪ್ಪಲಿ ಕಳೆದು, ಕೆಂಪು ದೀಪ ಆರುವುದನ್ನು ಕಾಯುತ್ತ ನಿಂತಿದ್ದ. ಒಳಗೆ ಗ್ಯಾಸ್ ಬಂದ್ ಇದೆಯೋ ಇಲ್ಲವೋ ಎಂದು ಅವನಿಗೆ ಎಷ್ಟು ಗಾಬರಿಯಾಗಿರಬೇಕು! ಅಂದು ಬೆಳಿಗ್ಗೆ ನಾನು ಎಲ್ಲಿದ್ದೆನೆಂದು ಡೈರಿ ತೆಗೆದು ನೋಡಿದೆ. ಹತ್ತೂವರೆಯಿಂದ ಹನ್ನೆರಡೂಕಾಲು, ವಾಚನಾಲಯ. ನನ್ನದೇ ಅಕ್ಷರ, ನೇರ ಸಾಲು.

"ಬರದ್ರ್ಯಾ?" ಅಂದಳು ಅವಳು.

ಡೈರಿಯನ್ನು ಮುಚ್ಚಿ ಬದಿಗಿಟ್ಟೆ. ವಹಿಯಲ್ಲಿ ಅವಳು ಹೇಳಿದ್ದನ್ನೇ ಬರೆದೆ.